ತೈಲ ಸಿಕ್ಕಿದ ನಾಡಿನ ಜನ ಬಡವರಾಗಿಯೇ ಉಳಿಯುವುದೇಕೆ?

ಪ್ರಶ್ನೆ (ಬದಿಯಡ್ಕದಿಂದ):
ಗಲ್ಫಿನ ದುಡ್ಡು ತಲುಪದ ಊರು ನಮ್ಮ ಕಾಸರಗೋಡಿನಲ್ಲಿ ವಿರಳ. ತೈಲವೆಂದರೆ ಸಂಪತ್ತು ಎಂದು ನಂಬಿಯೇ ಬೆಳೆದವರು ನಾವು. ಹೀಗಿರುವಾಗ 1956ರಲ್ಲೇ ತೈಲ ಸಿಕ್ಕಿದ ನೈಜೀರಿಯದಲ್ಲಿ ಇಂದಿಗೂ ಕೋಟ್ಯಂತರ ಜನ ಕಡುಬಡತನದಲ್ಲಿರುವುದೇಕೆ? ಭ್ರಷ್ಟಾಚಾರ ಎಂಬ ಒಂದೇ ಮಾತಿನ ಉತ್ತರ ನನಗೆ ಸಾಲದು. ತಿಳಿದವರು ವಿವರಿಸಬೇಕೆಂದು ವಿನಂತಿ.

ಉತ್ತರ (ಪೆರ್ಲದಿಂದ, ನಿವೃತ್ತ ಅರ್ಥಶಾಸ್ತ್ರ ಅಧ್ಯಾಪಕ):
ಭ್ರಷ್ಟಾಚಾರಕ್ಕಿಂತ ಮೊದಲು ನಾಣ್ಯದ ಬೆಲೆಯನ್ನು ನೋಡಬೇಕು. ಸ್ವಾತಂತ್ರ್ಯ ಬಂದ 1960ರಲ್ಲಿ ನೈಜೀರಿಯದ ಮುಖ್ಯ ರಫ್ತು ಕೋಕೋ, ತಾಳೆ ಎಣ್ಣೆ ಮತ್ತು ನೆಲಗಡಲೆ. ಕಾನೊ ನಗರದಲ್ಲಿ ನೆಲಗಡಲೆಯ ಮೂಟೆಗಳನ್ನು ಪಿರಮಿಡ್ಡಿನ ಆಕಾರದಲ್ಲಿ ಪೇರಿಸಿಡುತ್ತಿದ್ದರು. 1973ರ ಬಳಿಕ ತೈಲದ ಬೆಲೆ ಏರಿ ಡಾಲರು ಹರಿದು ಬಂದಾಗ ಅಲ್ಲಿನ ನಾಣ್ಯವಾದ ನೈರಾದ ಬೆಲೆಯೂ ಮೇಲೆಯೇ ನಿಂತಿತು. ಇದರಿಂದ ಹೊರಗಿನ ಅಕ್ಕಿ, ಗೋಧಿ ಅಗ್ಗವಾದವು, ಅಲ್ಲಿನ ರೈತನ ಬೆಳೆಗೆ ಗಿಟ್ಟುವ ಬೆಲೆ ಸಿಗಲಿಲ್ಲ, ಕೂಲಿಯವರು ನಗರದ ಕಟ್ಟಡ ಕೆಲಸಕ್ಕೆ ಹೊರಟುಹೋದರು. ಬರವೂ ಬೆಳೆರೋಗವೂ ಸೇರಿಕೊಂಡು ಆ ಮೂಟೆಗಳ ರಾಶಿಗಳು ಕಣ್ಮರೆಯಾದವು. ಇನ್ನೊಂದು ಕಾರಣ ನನ್ನ ಮಟ್ಟಿಗೆ ಇದಕ್ಕಿಂತಲೂ ದೊಡ್ಡದು: ತೈಲದಿಂದಲೇ ಬೊಕ್ಕಸ ತುಂಬಿಸಿಕೊಳ್ಳುವ ಸರ್ಕಾರಕ್ಕೆ ಪ್ರಜೆಗಳ ತೆರಿಗೆಯ ಹಂಗಿಲ್ಲ, ಆದ್ದರಿಂದ ಅವರಿಗೆ ಲೆಕ್ಕ ಒಪ್ಪಿಸುವ ಒತ್ತಡವೂ ಇಲ್ಲ.

ಉತ್ತರ (ಮಂಜೇಶ್ವರದಿಂದ):
ಮಾಷ್ಟ್ರೇ, ತೈಲ ತೆಗೆಯುವ ನೆಲದವರ ಪಾಡನ್ನೂ ಹೇಳಬೇಕು. ನೈಜರ್ ನದೀಮುಖಜದಲ್ಲಿ ಕೊಳವೆ ಸೋರಿ ಕಾಂಡ್ಲಾ ಕಾಡುಗಳು ಸತ್ತಿವೆ, ಮೀನುಗಾರಿಕೆ ನೆಲಕಚ್ಚಿದೆ. ಅಲ್ಲಿನ ಓಗೋನಿ ಪ್ರದೇಶದ ಒಂದು ಊರಿನ ಕುಡಿಯುವ ಬಾವಿನೀರಿನಲ್ಲಿ ಬೆಂಜೀನ್ ಎಂಬ ವಿಷ ರಾಸಾಯನಿಕದ ಅಂಶ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ 900 ಪಟ್ಟು ಹೆಚ್ಚಿದ್ದುದನ್ನು ವಿಶ್ವಸಂಸ್ಥೆಯ ಪರಿಸರ ವಿಭಾಗ 2011ರಲ್ಲಿ ವರದಿ ಮಾಡಿತು. ಅದಕ್ಕೂ ಮೊದಲೇ, 1995ರಲ್ಲಿ, ಈ ಅನ್ಯಾಯದ ವಿರುದ್ಧ ಜನರನ್ನು ಸಂಘಟಿಸಿದ ಲೇಖಕ ಕೆನ್ ಸಾರೊ-ವಿವಾ ಅವರನ್ನು ಅಲ್ಲಿನ ಸೈನಿಕ ಸರ್ಕಾರ ಗಲ್ಲಿಗೇರಿಸಿತ್ತು. ಹೊಳೆಬದಿಯ ಊರಿನವನಾದ ನನಗೆ ಇದನ್ನು ಬರೆಯುವಾಗಲೂ ಸಂಕಟವಾಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆ. ಕೂಲಿಯಾಳು ಸಿಗದೆ ನಮ್ಮ ಬೈಲಿನ ಗದ್ದೆಗಳು ಅಡಿಕೆ ತೋಟವಾದುದೂ ಇದೇ ಬಗೆಯದ್ದೇ?

ಉತ್ತರ (ಪೆರ್ಲದಿಂದ):
ಕೂಲಿಯ ವಿಷಯದಲ್ಲಿ ಹೋಲಿಕೆ ಇದೆ. ಆದರೆ ಗಲ್ಫಿನ ದುಡ್ಡು ದುಡಿದವನ ಮನೆಗೆ ನೇರವಾಗಿ ಬರುತ್ತದೆ, ತೈಲದ ದುಡ್ಡು ಆಳುವವರ ಕೈಗೆ ಹೋಗುತ್ತದೆ. ಈ ವ್ಯತ್ಯಾಸ ಸಣ್ಣದಲ್ಲ. ನಾರ್ವೆ 1990ರಲ್ಲಿ ಕಾನೂನು ಮಾಡಿ ತೈಲದ ಹಣವನ್ನು ವಿದೇಶದಲ್ಲಿ ಹೂಡುವ ನಿಧಿಯನ್ನು ಸ್ಥಾಪಿಸಿತು ಎಂದು ಎಲ್ಲರೂ ಹೊಗಳುತ್ತಾರೆ. ತೈಲ ಸಿಗುವ ಮೊದಲೇ ಅಲ್ಲಿ ಗಟ್ಟಿಯಾದ ಆಡಳಿತವೂ ಲೆಕ್ಕ ಕೇಳುವ ಜನರೂ ಇದ್ದರು ಎಂಬುದನ್ನು ಮರೆಯುತ್ತಾರೆ. 2019ರ ಡಿಸೆಂಬರಿನಲ್ಲಿ ತೈಲ ತೆಗೆಯಲು ತೊಡಗಿದ ದಕ್ಷಿಣ ಅಮೆರಿಕದ ಗಯಾನಾ ಅಕ್ಕಿ, ಸಕ್ಕರೆ ರಫ್ತು ಮಾಡುತ್ತ ಬಂದ ಪುಟ್ಟ ದೇಶ. ಅಲ್ಲಿನ ಭತ್ತದ ರೈತರು ಗದ್ದೆ ಬಿಡದೆ ಉಳಿಯುತ್ತಾರೆಯೇ ಎಂಬುದನ್ನು ನಾನು ಈಗ ಗಮನಿಸುತ್ತಿದ್ದೇನೆ.