ಪದಚರ್ಚೆ: ಟ್ರಾಫಿಕ್ಕಿಗೂ ದಟ್ಟಣೆ, ಮನೆಗಳಿಗೂ ದಟ್ಟಣೆನಾ?

ಎಲ್ರಿಗೂ ನಮಸ್ಕಾರ. ಊರು ಬೆಳೆಯೋ ರೀತಿ ಬಗ್ಗೆ ಕನ್ನಡದಲ್ಲಿ ಬರೆಯೋಕೆ ಕೂತಾಗೆಲ್ಲ 'ದಟ್ಟಣೆ' ಹತ್ರ ಬಂದು ನಿಂತುಬಿಡ್ತೀನಿ. ಸಿಲ್ಕ್ ಬೋರ್ಡ್ ಜಾಮ್ ಆದ್ರೆ ಪೇಪರಲ್ಲಿ ಸಂಚಾರ ದಟ್ಟಣೆ, ಚದರ ಕಿಲೋಮೀಟರಿಗೆ ಎಷ್ಟು ಜನ ಅಂತ ಹೇಳೋಕೂ ಜನದಟ್ಟಣೆ.

ಇವೆರಡೂ ಎಷ್ಟೋ ಸಲ ಒಂದಕ್ಕೊಂದು ಉಲ್ಟಾ. 30-40 ಸೈಟು ಅಂದ್ರೆ 1200 ಚದರಡಿ, ಎಫ್‌ಎಆರ್ (ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಲೆಕ್ಕ) 2 ಇದ್ರೆ ಎಲ್ಲಾ ಮಹಡಿ ಸೇರಿ 2400 ಚದರಡಿ ಕಟ್ಟಬಹುದು, 4 ಕೊಟ್ರೆ 4800. ಮೆಟ್ರೋ ಸ್ಟೇಷನ್ ಪಕ್ಕ ಹೀಗೆ ಜಾಸ್ತಿ ಕಟ್ಟೋಕೆ ಬಿಟ್ರೆ ನಡ್ಕೊಂಡೇ ಹೋಗಿ ರೈಲು ಹತ್ತೋರು ಹೆಚ್ತಾರೆ, ಅದೇ ಮನೆಗಳು ಬಸ್ಸೂ ಸರಿಯಾಗಿ ಬರದ ಹೊರಗಿನ ಲೇಔಟ್‌ಗಳಲ್ಲಿ ಹರಡಿಕೊಂಡ್ರೆ ಮನೆಗೊಂದು ಕಾರು, ಎರಡು ಬೈಕು, ಬೆಳಗಾದ್ರೆ ಎಲ್ಲಾ ಒಂದೇ ರಿಂಗ್ ರೋಡಿಗೆ. ಬ್ರೆಜಿಲ್‌ನ ಕುರಿಟಿಬಾದಲ್ಲಿ 1974ರಲ್ಲಿ ಬಸ್ಸಿಗೇ ಬೇರೆ ದಾರಿ ಶುರು ಮಾಡಿದ್ರು, ಅದರ ಅಕ್ಕಪಕ್ಕ ಎತ್ತರದ ಕಟ್ಟಡಕ್ಕೆ ಬಿಟ್ಟು ದೂರ ಹೋದಂಗೆ ಎತ್ತರ ಇಳಿಸಿದ್ರು. ಇದನ್ನ 'ಬಸ್ ದಾರಿ ಪಕ್ಕ ದಟ್ಟಣೆ ಹೆಚ್ಚಿಸಿದರು' ಅಂತ ಬರೆದ್ರೆ ಓದೋರು ಏನಂದ್ಕೋಬೇಕು? ನಮ್ಮ ಬಡಾವಣೆ ಸಭೆಲಿ ಈ ಮಾತು ಬಂದಾಗ ಹಿರಿಯರೊಬ್ರು ಎದ್ದು ನಿಂತು "ಇರೋ ದಟ್ಟಣೆನೇ ತಡ್ಕೊಳಕ್ಕಾಗ್ತಿಲ್ಲ, ಇನ್ನೂ ದಟ್ಟಣೆ ಮಾಡ್ತೀರೇನಪ್ಪಾ" ಅಂದ್ರು, ಚರ್ಚೆ ಅಲ್ಲಿಗೇ ಮುಗೀತು. ಅವರ ಸಿಟ್ಟು ನ್ಯಾಯವಾದ್ದೇ, ಆದ್ರೆ ಅವರು ಹೇಳ್ತಿದ್ದಿದ್ದು ರಸ್ತೆದು, ನಕ್ಷೆಲಿ ಇದ್ದಿದ್ದು ಮನೆಗಳದ್ದು.

'ಸಾಂದ್ರತೆ' ಇದೆ, ಸ್ಕೂಲ್ ಭೂಗೋಳದಲ್ಲೇ ಜನಸಾಂದ್ರತೆ ಓದಿದೀವಿ, ಲೆಕ್ಕಕ್ಕೆ ಅದು ಸರಿ. ಆದ್ರೆ 'ಬಡಾವಣೆಯನ್ನು ಸಾಂದ್ರಗೊಳಿಸು' ಅಂದ್ರೆ ಹಾಲು ಕಾಯಿಸಿ ಗಟ್ಟಿ ಮಾಡ್ದಂಗೆ ಕೇಳುತ್ತೆ. 'ಇಕ್ಕಟ್ಟು' ಬೇರೆನೇ, ಒಂದೇ ರೂಮಲ್ಲಿ ಎಂಟು ಜನ ಮಲಗಿದ್ರೆ ಇಕ್ಕಟ್ಟು, ಹತ್ತು ಮಹಡಿ ಕಟ್ಟಡದಲ್ಲಿ ಎಲ್ಲರಿಗೂ ಗಾಳಿ ಬೆಳಕಿರೋ ಮನೆ ಇದ್ರೆ ಅದನ್ನ ಇಕ್ಕಟ್ಟು ಅನ್ನೋಕಾಗಲ್ಲ. ಪೈರು ಒತ್ತಾಗಿದೆ ಅಂತೀವಲ್ಲ, ಆ 'ಒತ್ತು' ನಂಗೆ ಬಹಳ ಇಷ್ಟ, ಆದ್ರೆ ಊರಿನ ಮಾತಲ್ಲಿ 'ಒತ್ತು' ಅಂದ ತಕ್ಷಣ ರಾಜಕಾಲುವೆ ಒತ್ತುವರಿ ನೆನಪಾಗುತ್ತೆ. 'ದಟ್ಟ ಕಾಡು' ಅಂದಾಗ ಇರೋ ಒಳ್ಳೆ ಅರ್ಥ 'ದಟ್ಟ ಬಡಾವಣೆ'ಗೆ ಬರುತ್ತಾ? ಬರಬೇಕು ಅಂತ ನಂಗಾಸೆ.

ಸದ್ಯ ಜಾಮಿಗೆ ದಟ್ಟಣೆ, ಲೆಕ್ಕಕ್ಕೆ ಸಾಂದ್ರತೆ ಅಂತ ಬಳಸ್ತಿದೀನಿ, ಕ್ರಿಯಾಪದ ಮಾತ್ರ ಸಿಕ್ಕಿಲ್ಲ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ ದಾರಿ ಪಕ್ಕ ಇರೋರು, ಮಂಗಳೂರು ಕಡೆಯೋರು, ಮನೆಗಳು ಹತ್ತಿರ ಹತ್ತಿರ ಸೇರಿ ಊರು ತುಂಬಿಕೊಳ್ಳೋದಕ್ಕೆ, ಬೈಗುಳದ ಛಾಯೆ ಇಲ್ದೆ, ನಿಮ್ಮಲ್ಲಿ ಏನಂತಾರೆ? ವಾಕ್ಯದ ಸಮೇತ ಬರೀರಿ.