ಮನೆ ಕಂಟ್ರಾಕ್ಟರ್ ಹತ್ರ ಲೈಸೆನ್ಸ್ ಕೇಳಬೇಕಾ? ಕಟ್ಟಿಸಿದೋರು ಹೇಳಿ

ನಿಟುವಳ್ಳಿ: 30×40 ಸೈಟು. ಮೆಟೀರಿಯಲ್ ಸೇರಿ ಚದರಕ್ಕೆ 2.1 ಲಕ್ಷ ಅಂತಾರೆ. ಲೈಸೆನ್ಸ್ ಇದೆಯಾ ಅಂದ್ರೆ ನಗ್ತಾರೆ. ಅಗ್ರಿಮೆಂಟಲ್ಲಿ ಏನು ಬರೆಸಲಿ?

ಚಿತ್ರದುರ್ಗ: ನಾನು ಪಿಡಬ್ಲ್ಯುಡಿ ಕ್ಲಾಸ್ ಲೈಸೆನ್ಸ್ ನೋಡಿಯೇ ಕೊಟ್ಟೆ. ಅದು ಸರ್ಕಾರಿ ಟೆಂಡರಿಗೆ ಕಣ್ರೀ, ನಮ್ಮ ಮನೆಗೆ ಅದರಿಂದ ಏನೂ ರಕ್ಷಣೆ ಇಲ್ಲ. 26 ಲಕ್ಷಕ್ಕೆ ಮಾತು, ಮೋಲ್ಡ್ ಮುಗಿಯೋದ್ರೊಳಗೆ 19.40 ಲಕ್ಷ ಇಸ್ಕೊಂಡಿದ್ದ. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ 10 ದಿನನಾದ್ರೂ ನೀರು ನಿಲ್ಲಿಸಿ ಕ್ಯೂರಿಂಗ್ ಮಾಡಬೇಕು, ನಾಲ್ಕನೇ ದಿನಕ್ಕೆ ಮೋಲ್ಡ್ ಮೇಲಿನ ನೀರಿನ ಕಟ್ಟೆ ಒಡೆದು ಬಿಟ್ಟ. ಮೊದಲ ಮಳೆಗೇ ಅಡುಗೆಮನೆ ಮೂಲೇಲಿ ಹನಿ. ಬಿರುಕಿಗೆ ಬೀಗದ ಕೈ ತುದಿ ಹೋಗ್ತಿತ್ತು. ವಾಟರ್‌ಪ್ರೂಫಿಂಗ್ 84,500, ಪ್ಲಾಸ್ಟರ್ ಕೆತ್ತಿಸಿ ಮತ್ತೆ ಮಾಡಿಸೋಕೆ 31,200, ಹೆಂಡತಿ ಬಳೆ ಅಡವಿಟ್ಟಿದ್ದು ಬೇರೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹಾಕಿದೀನಿ, ಶುಲ್ಕ 400 ರೂಪಾಯಿ ಅಷ್ಟೇ. ಆದ್ರೆ 8 ಲಕ್ಷ ಕ್ಯಾಷ್ ಕೊಟ್ಟಿದ್ದಕ್ಕೆ ಒಂದು ಚೀಟೀನೂ ಇಲ್ಲ.

ಶಾಮನೂರು ರಸ್ತೆ: ರೇರಾಗೆ (ಬಿಲ್ಡರ್‌ಗಳ ಮೇಲಿನ ದೂರು ನೋಡೋ ಪ್ರಾಧಿಕಾರ) ಹೋಗಿ, 5 ವರ್ಷದವರೆಗೆ ರಿಪೇರಿ ಅವರದೇ ಜವಾಬ್ದಾರಿ. ನಮ್ಮ ಅಪಾರ್ಟ್‌ಮೆಂಟಿಗೆ ಮಾಡಿಸಿಕೊಂಡ್ವಿ.

ಚಿತ್ರದುರ್ಗ: ನಿಮ್ಮದು ಬಿಲ್ಡರ್ ಮಾರಿದ ಫ್ಲ್ಯಾಟು. ಸ್ವಂತ ಸೈಟಲ್ಲಿ ಕಟ್ಟಿಸೋರಿಗೆ ರೇರಾ ಬರಲ್ಲ. ದಾರಿ ತಪ್ಪಿಸಬೇಡಿ, ನಾನು ಅದನ್ನ ನಂಬಿ ಎಂಟು ತಿಂಗಳು ಕಳಕೊಂಡೆ. ಆಯೋಗಕ್ಕೆ 2 ವರ್ಷದೊಳಗೆ ಹೋಗಬೇಕು.

ಹರಿಹರ: ಮೆಟೀರಿಯಲ್ ಸೇರಿಸಿ ಪ್ಯಾಕೇಜ್ ಕೊಟ್ಟಿದ್ದೇ ತಪ್ಪು. ನಾನು ಲೇಬರ್ ಕಂಟ್ರಾಕ್ಟ್ ಕೊಟ್ಟು ಸಿಮೆಂಟು, ಕಬ್ಬಿಣ ನಾನೇ ತಂದೆ. ಎರೆ ಮಣ್ಣು ಅಂತ ಪ್ಲಿಂತ್ ಬೀಮ್‌ಗೇ (ಪಾಯದ ಮೇಲಿನ ಕಾಂಕ್ರೀಟ್ ತೊಲೆ) 1.65 ಲಕ್ಷ ಸುರಿದೆ. ಆರು ವರ್ಷ ಆಯ್ತು, ಕೂದಲೆಳೆ ಬಿರುಕಿಲ್ಲ.

ಚಿತ್ರದುರ್ಗ: ದಿನಾ ಸೈಟಲ್ಲಿ ನಿಲ್ಲೋಕೆ ನಿಮಗೆ ಪುರುಸೊತ್ತಿತ್ತು. ನನ್ನ ಡ್ಯೂಟಿ ಹಿರಿಯೂರಲ್ಲಿ.

ಮೇಸ್ತ್ರಿ, ಆವರಗೆರೆ: ಎಲ್ಲಾ ನಮ್ಮ ಮೇಲೆ ಹಾಕಿ! ನೀರು ಹೊಡೆಯೋದು ಓನರ್ ಕೆಲಸ ಅಂತ ಮೊದಲೇ ಮಾತಾಗಿರುತ್ತೆ. ಗೃಹಪ್ರವೇಶ ಆದಮೇಲೆ ಕೊನೆ ಕಂತು 1.2 ಲಕ್ಷ ಕೊಡದೆ ಮೂರು ವರ್ಷ ಓಡಾಡಿಸಿದಾರೆ ನನ್ನ. ಅದಕ್ಕೆ ಯಾವ ಆಯೋಗ?

ಹರಿಹರ: ಎಂ-ಸ್ಯಾಂಡಲ್ಲಿ (ಕಲ್ಲು ಪುಡಿ ಮಾಡಿದ ಮರಳು) ಧೂಳು ಬೆರೆಸಿ ಹಾಕಿರ್ತೀರಿ, ಅದಕ್ಕೆ ಕೊಟ್ಟಿರಲ್ಲ.

ಮೇಸ್ತ್ರಿ, ಆವರಗೆರೆ: ನನ್ನ ಸೈಟಿಗೆ ಬಂದು ಮುಷ್ಟಿಲಿ ಹಿಡಿದು ನೋಡ್ರಿ, ಆಮೇಲೆ ಮಾತಾಡಿ. ತುಂಗಭದ್ರಾ ಮರಳೇ ಬೇಕು ಅಂತೀರಿ, ಲೋಡಿನ ರೇಟ್ ಕೇಳಿ ಎಂ-ಸ್ಯಾಂಡ್ ಹಾಕು ಅಂತೀರಿ.

ನಿಟುವಳ್ಳಿ: ಕ್ಯೂರಿಂಗ್ ಯಾರ ಕೆಲಸ ಅಂತ ಬರೆಸ್ತೀನಿ, ದುಡ್ಡು ಬ್ಯಾಂಕಲ್ಲೇ ಹಾಕ್ತೀನಿ. ಕೊನೆ ಕಂತು ಎಷ್ಟು ಹಿಡ್ಕೊಬೇಕು, ಅದನ್ನ ಯಾರೂ ಹೇಳ್ಲಿಲ್ಲ.