ಅಪ್‌ಡೇಟ್: ಡ್ರಮ್ ಮಷೀನ್ ಬಂತು, ಲಯವೂ ಕೂಡಿತು

ಕಂಪ್ಯೂಟರ್ ಇಲ್ಲದೆ ನನ್ನ ಕೋರ್ಗ್ ವೋಲ್ಕಾ ಬಾಸ್ (ಮಂದ್ರ ಸ್ವರಗಳ ಪುಟ್ಟ ಸಿಂಥ್, ಅಂದರೆ ಎಲೆಕ್ಟ್ರಾನಿಕ್ ವಾದ್ಯ) ಜೊತೆ ನುಡಿಸಲು ಯಾವ ಡ್ರಮ್ ಮಷೀನ್ (ತಾಳ ನುಡಿಸುವ ಯಂತ್ರ) ಸೂಕ್ತವೆಂದು ಹಿಂದೆ ಕೇಳಿದ್ದೆ. ಮೊದಲೇ ಧ್ವನಿಮುದ್ರಿಸಿದ ಸ್ಯಾಂಪಲ್‌ಗಳಿಗಿಂತ ವಿದ್ಯುತ್ ಸರ್ಕ್ಯೂಟ್‌ಗಳೇ ಹುಟ್ಟಿಸುವ ಅನಲಾಗ್ ನಾದವೇ ನನಗೆ ಹಿಡಿಸುವುದರಿಂದ, ಸಲಹೆ ನೀಡಿದ ಹಲವರ ಮಾತಿನಂತೆ ಆರ್ಟೂರಿಯಾ ಡ್ರಮ್‌ಬ್ರೂಟ್ ಇಂಪ್ಯಾಕ್ಟ್ ಅನ್ನು ಕೊಂಡೆ.

ಮೊದಲ ಸಂಜೆ ಬಾಸ್ ಇಮ್ಮಡಿ ವೇಗದಲ್ಲಿ ಓಡಿತು, ತಪ್ಪು ನನ್ನದೇ. ಎರಡರ ಲಯ ಕೂಡಿಸುವ ಸಿಂಕ್ ಕೇಬಲ್‌ನಲ್ಲಿ ವೋಲ್ಕಾ ಸಾಮಾನ್ಯವಾಗಿ ಒಂದು ಬೀಟ್‌ಗೆ 2 ಪಲ್ಸ್‌ಗಳನ್ನು (ವೇಗ ತಿಳಿಸುವ ವಿದ್ಯುತ್ ಮಿಡಿತಗಳನ್ನು) ನಿರೀಕ್ಷಿಸುತ್ತದೆ, ನಾನು ಡ್ರಮ್ ಮಷೀನ್‌ನಿಂದ 4 ಪಲ್ಸ್‌ಗಳನ್ನು ಕಳುಹಿಸುತ್ತಿದ್ದೆ. ಆ ಸೆಟ್ಟಿಂಗ್ ಬದಲಿಸಿದೊಡನೆ ಎರಡೂ ಹೆಜ್ಜೆ ತಪ್ಪದೆ ಸಾಗಿದವು. ಬೀಟ್‌ಗೆ 24 ಪಲ್ಸ್‌ಗಳಿರುವ ಮಿಡಿ ಕ್ಲಾಕ್‌ನ (ಎಲೆಕ್ಟ್ರಾನಿಕ್ ವಾದ್ಯಗಳ ನಡುವಿನ ಮಿಡಿ ಎಂಬ ಸಾಮಾನ್ಯ ಸಂವಹನ ಪದ್ಧತಿಯ ವೇಗ ಸಂಕೇತದ) ಕೇಬಲ್ ಬಳಸಿದ್ದರೆ ಈ ಲೆಕ್ಕಾಚಾರವೇ ಬೇಕಿರಲಿಲ್ಲ, ಏಕೆಂದರೆ ಅಲ್ಲಿ ಆ ಸಂಖ್ಯೆ ಎಲ್ಲ ಸಾಧನಗಳಿಗೂ ಒಂದೇ. ಆದರೂ ಡ್ರಮ್ ಮಷೀನ್‌ನ ಮಿಡಿ ಔಟ್ ಕಿಂಡಿಯನ್ನು ಮುಂದೆ ಕೊಳ್ಳಲಿರುವ ಇನ್ನೊಂದು ಸಿಂಥ್‌ಗೆ ಕಾದಿರಿಸಿದ್ದೇನೆ.